ಬಾಂಬ್ ಸ್ಫೋಟದ ಗಾಯಾಳುಗಳು ಒಮ್ಮೆಲೇ ಬಂದಾಗ ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಮನೆಗೆ ಕಳುಹಿಸಬಹುದು?

ಪ್ರಶ್ನೆ
ಬರೆದವರು: ತುರ್ತು ಚಿಕಿತ್ಸಾ ವಿಭಾಗದ ಶುಶ್ರೂಷಾಧಿಕಾರಿ

ಎಲ್ಲರಿಗೂ ನಮಸ್ಕಾರ. ನಮ್ಮ ಆಸ್ಪತ್ರೆಯ ವಿಪತ್ತು ನಿರ್ವಹಣಾ ಯೋಜನೆಯನ್ನು ಹೊಸದಾಗಿ ಬರೆಯುವ ಸಮಿತಿಯಲ್ಲಿ ನಾನೂ ಇದ್ದೇನೆ. ಬೆಂಕಿ ಅನಾಹುತ, ಬಸ್ ಅಪಘಾತ, ವಿಷಾಹಾರ ಇವುಗಳ ಭಾಗಗಳು ಹೆಚ್ಚು ಚರ್ಚೆಯಿಲ್ಲದೆ ಮುಗಿದವು. ಬಾಂಬ್ ಸ್ಫೋಟದ ಭಾಗಕ್ಕೆ ಬಂದಾಗ ಮಾತ್ರ ಸಮಿತಿ ಎರಡು ಪಾಲಾಗಿದೆ. ಎರಡೂ ಕಡೆಯವರ ಮಾತು ನನಗೆ ಸರಿಯೆನಿಸುತ್ತಿರುವುದರಿಂದ ನಿಮ್ಮೆಲ್ಲರ ಸಲಹೆ ಕೇಳುತ್ತಿದ್ದೇನೆ.

ಕೆಲವರು ಹೇಳುವುದು ಹೀಗೆ: ನಡೆದು ಬರುವವರಿಗೆ ತುರ್ತು ವಿಭಾಗದೊಳಗೆ ಜಾಗವನ್ನೇ ಕೊಡಬಾರದು, ಗಾಯಕ್ಕೆ ಪಟ್ಟಿ ಕಟ್ಟಿ, ಧನುರ್ವಾಯು ಚುಚ್ಚುಮದ್ದು ಕೊಟ್ಟು ಬೇಗ ಕಳುಹಿಸಿಬಿಡಬೇಕು, ಇಲ್ಲದಿದ್ದರೆ ನಿಜವಾಗಿ ಸಾಯುತ್ತಿರುವವರು ಬಂದಾಗ ಒಂದು ಹಾಸಿಗೆಯೂ ಖಾಲಿ ಇರುವುದಿಲ್ಲ. ಉಳಿದವರು ಹೇಳುವುದು, ಸ್ಫೋಟದಲ್ಲಿ ಸಿಕ್ಕವರ ಶ್ವಾಸಕೋಶ ಮತ್ತು ಕರುಳಿನ ಗಾಯಗಳು ಹೊರಗೆ ಕಾಣಿಸದೆ ಗಂಟೆಗಳ ನಂತರ ತಲೆದೋರುತ್ತವೆಯಾದ್ದರಿಂದ ಎಲ್ಲರನ್ನೂ ಕನಿಷ್ಠ ಒಂದು ದಿನ ಉಳಿಸಿಕೊಳ್ಳಬೇಕು ಎಂದು.

ನಾನು ಎರಡನೆಯ ವಾದದ ಕಡೆಗೆ ವಾಲುವುದಕ್ಕೆ ಕಾರಣವಿದೆ. ಹಲವು ವರ್ಷಗಳ ಹಿಂದೆ, ಬೇರೊಂದು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದಾಗ, ಕಾರ್ಖಾನೆಯೊಂದರಲ್ಲಿ ಸ್ಫೋಟವಾಗಿ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಕರೆತಂದಿದ್ದರು. ಹಣೆಯ ಮೇಲೆ ಎರಡು ತರಚು ಗಾಯಗಳನ್ನು ಬಿಟ್ಟರೆ ಬೇರೇನೂ ಇರದಿದ್ದ ಒಬ್ಬ ಕೆಲಸಗಾರ, ತಾನು ಚೆನ್ನಾಗಿದ್ದೇನೆಂದು ಹೇಳಿ, ಸಹೋದ್ಯೋಗಿಗಳ ಸ್ಟ್ರೆಚರ್ ತಳ್ಳುವುದಕ್ಕೂ ಕೈಜೋಡಿಸಿದ. ಮೂರು ಗಂಟೆಗಳ ನಂತರ ಅದೇ ಮನುಷ್ಯ ಏದುಸಿರು ಬಿಡುತ್ತಾ ಕಾರಿಡಾರಿನ ಗೋಡೆಗೆ ಒರಗಿ ಕುಳಿತಿದ್ದ, ಕೆಮ್ಮಿದರೆ ರಕ್ತ ಬರುತ್ತಿತ್ತು. ಅವನು ಬದುಕಿಕೊಂಡ. ಆದರೆ ಅವನು ಮನೆಗೆ ಹೋಗದೆ ಅಲ್ಲೇ ಉಳಿದಿದ್ದು ಗೆಳೆಯರಿಗಾಗಿಯೇ ಹೊರತು ನಾವು ಉಳಿಸಿಕೊಂಡಿದ್ದರಿಂದಲ್ಲ ಎಂಬುದನ್ನು ನಾನು ಇಂದಿಗೂ ಮರೆತಿಲ್ಲ.

ಎರಡು ಗಂಟೆಗಳೊಳಗೆ ಇನ್ನೂರು ಜನ ಬಂದರೆ ಈ ಎರಡೂ ವಾದಗಳನ್ನು ಒಟ್ಟಿಗೆ ಪಾಲಿಸುವುದು ಹೇಗೆ? ಇಂಥ ಸಂದರ್ಭವನ್ನು ಕಂಡವರು, ಓದಿಕೊಂಡವರು ದಯವಿಟ್ಟು ವಿವರವಾಗಿ ತಿಳಿಸಬೇಕಾಗಿ ವಿನಂತಿ.

ಉತ್ತರ 1
ಬರೆದವರು: ಶಸ್ತ್ರಚಿಕಿತ್ಸಕ, ಅಪಘಾತ ಚಿಕಿತ್ಸಾ ಘಟಕ

ಸಿಸ್ಟರ್, ನಿಮ್ಮ ಸಮಿತಿಯ ಎರಡೂ ಪಕ್ಷಗಳು ಹೇಳುತ್ತಿರುವುದು ನಿಜ, ಆದರೆ ಅವು ಬೇರೆ ಬೇರೆ ಜಾಗಗಳ ಬಗ್ಗೆ ಹೇಳಿದ ಮಾತುಗಳು. ಮೊದಲನೆಯದು ಆಸ್ಪತ್ರೆಯ ಬಾಗಿಲಿಗೆ ಸಂಬಂಧಿಸಿದ್ದು, ಎರಡನೆಯದು ಬಾಗಿಲಿನಿಂದ ಪಕ್ಕಕ್ಕೆ ಕಳುಹಿಸಿದವರಿಗೆ ಸಂಬಂಧಿಸಿದ್ದು. ಬಾಗಿಲಿನ ಬಗ್ಗೆ ನಾನು ಬರೆಯುತ್ತೇನೆ. ಉಳಿದದ್ದನ್ನು ತೀವ್ರ ನಿಗಾ ಘಟಕದವರು ನನಗಿಂತ ಚೆನ್ನಾಗಿ ಹೇಳಬಲ್ಲರು.

ಮೊದಲು ಬರುವವರು ಯಾರು ಎಂಬುದನ್ನು ಯೋಜನೆಯ ಮೊದಲ ಪುಟದಲ್ಲೇ ಬರೆದಿಡಿ. ಸ್ಫೋಟದ ಸ್ಥಳದಲ್ಲಿ ಎದ್ದು ನಡೆಯಬಲ್ಲವರು ಆಂಬುಲೆನ್ಸ್‌ಗಾಗಿ ಕಾಯುವುದಿಲ್ಲ. ಸಿಕ್ಕ ವಾಹನ ಹತ್ತಿ ಹತ್ತಿರದ ಆಸ್ಪತ್ರೆಗೆ ಬಂದುಬಿಡುತ್ತಾರೆ. ಅವಶೇಷಗಳಡಿ ಸಿಕ್ಕವರು, ಕಾಲು ಕಳೆದುಕೊಂಡವರು, ಪ್ರಜ್ಞೆಯಿಲ್ಲದವರು ಅವರ ಹಿಂದೆ ಬರುತ್ತಾರೆ. ಹೀಗಾಗಿ ಮೊದಲ ಅರ್ಧ ಗಂಟೆಯಲ್ಲಿ ಹಾಸಿಗೆಗಳನ್ನು ತುಂಬಿಸಿಕೊಂಡ ಆಸ್ಪತ್ರೆ, ನಿಜವಾದ ಕೆಲಸ ಶುರುವಾಗುವ ಹೊತ್ತಿಗೆ ಕೈಚೆಲ್ಲಿ ಕೂರಬೇಕಾಗುತ್ತದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಇದಕ್ಕೊಂದು ಸರಳ ಲೆಕ್ಕ ಕೊಟ್ಟಿದೆ: ಮೊದಲ ಒಂದು ಗಂಟೆಯಲ್ಲಿ ಎಷ್ಟು ಜನ ಬಂದರೋ ಒಟ್ಟು ಅದರ ಎರಡರಷ್ಟು ಜನ ಬರಬಹುದೆಂದು ಅಂದಾಜಿಸಬೇಕು. ಸ್ಥೂಲವಾದ ಲೆಕ್ಕವೇ ಸರಿ, ಆದರೂ ಎಷ್ಟು ಶಸ್ತ್ರಚಿಕಿತ್ಸಾ ಥಿಯೇಟರ್ ತೆರೆಯಬೇಕು, ಯಾರನ್ನು ಕರೆಸಬೇಕು ಎಂದು ಮೇಲ್ವಿಚಾರಕರು ತೀರ್ಮಾನಿಸುವುದಕ್ಕೆ ಅಷ್ಟು ಸಾಕು.

ತೀವ್ರ ಗಾಯವಿಲ್ಲದವರನ್ನೂ, ತಕ್ಷಣ ಚಿಕಿತ್ಸೆ ಬೇಕೆನ್ನುವ ಕೆಂಪು ಕೈಪಟ್ಟಿ ಕಟ್ಟಿ ಒಳಗೆ ಬಿಟ್ಟುಕೊಳ್ಳುವುದನ್ನು ನಾವು ಓವರ್‌ಟ್ರಯಾಜ್ ಎನ್ನುತ್ತೇವೆ. ಸಾಮಾನ್ಯ ದಿನಗಳಲ್ಲಿ ಇದು ತಪ್ಪಲ್ಲ, ಎಚ್ಚರಿಕೆಯೇ ಸರಿ. ಗಾಯಾಳುಗಳು ಸಾಮೂಹಿಕವಾಗಿ ಬಂದಾಗ ಅದೇ ಎಚ್ಚರಿಕೆ ಜನರನ್ನು ಕೊಲ್ಲುತ್ತದೆ. ಭಯೋತ್ಪಾದಕ ಬಾಂಬ್ ಸ್ಫೋಟಗಳ 220 ಘಟನೆಗಳನ್ನು ಒಟ್ಟುಗೂಡಿಸಿ 1988ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಓವರ್‌ಟ್ರಯಾಜ್ ಹೆಚ್ಚಾದಂತೆ ತೀವ್ರ ಗಾಯಾಳುಗಳ ಸಾವೂ ಹೆಚ್ಚಾಗುತ್ತದೆ ಎಂಬುದು ಕಂಡುಬಂತು. ಸ್ಫೋಟದಿಂದ ಬದುಕುಳಿದವರಲ್ಲಿ ಜೀವಾಪಾಯದ ಗಾಯ ಇರುವವರು ಸಾಮಾನ್ಯವಾಗಿ ಹತ್ತು ಹದಿನೈದು ಶೇಕಡಾ ಮಾತ್ರ. ಆ ಕೆಲವರನ್ನು ಗುಂಪಿನೊಳಗಿಂದ ಹುಡುಕಿ ತೆಗೆಯುವುದೇ ಬಾಗಿಲಲ್ಲಿ ನಿಂತವರ ಕೆಲಸ.

2004ರ ಮಾರ್ಚ್ 11ರಂದು ಮ್ಯಾಡ್ರಿಡ್‌ನ ನಾಲ್ಕು ರೈಲುಗಳಲ್ಲಿ ಹತ್ತು ಬಾಂಬ್‌ಗಳು ಸಿಡಿದಾಗ, ಹತ್ತಿರದ ಗ್ರೆಗೋರಿಯೊ ಮರಾನ್ಯೋನ್ ಆಸ್ಪತ್ರೆಗೆ 312 ಜನ ಬಂದರು; ಅವರಲ್ಲಿ 270ಕ್ಕೂ ಹೆಚ್ಚು ಜನ ಬಂದಿದ್ದು ಬೆಳಗ್ಗೆ ಎಂಟರಿಂದ ಹತ್ತೂವರೆಯೊಳಗೆ. ದಾಖಲಾದವರು 91, ಸ್ಥಿತಿ ಗಂಭೀರವಾಗಿದ್ದವರು 29. 2005ರ ಜುಲೈ 7ರಂದು ಲಂಡನ್‌ನಲ್ಲಿ ಬಾಂಬ್ ಸ್ಫೋಟಗಳಾದಾಗ ರಾಯಲ್ ಲಂಡನ್ ಆಸ್ಪತ್ರೆಗೆ ಬಂದ 194 ಜನರಲ್ಲಿ ತೀವ್ರ ಗಾಯಾಳುಗಳೆಂದು ಬಂದವರು 27. ಅಷ್ಟು ದೊಡ್ಡ ಆಸ್ಪತ್ರೆಯ ಪುನರುಜ್ಜೀವನ ಕೊಠಡಿ ಹದಿನೈದೇ ನಿಮಿಷಗಳಲ್ಲಿ ತುಂಬಿಹೋಯಿತು ಎಂಬ ವಿವರವನ್ನು ನಿಮ್ಮ ಸಮಿತಿಯಲ್ಲಿ ಓದಿ ಹೇಳಿ. ಅನುಭವಿ ವೈದ್ಯರ ತಂಡ ಸ್ಥಳದಲ್ಲೇ ವಿಂಗಡಣೆ ಮಾಡಿದ ಕಡೆ ಓವರ್‌ಟ್ರಯಾಜ್ ಕಡಿಮೆಯಾಗಿತ್ತು ಎಂಬುದೂ ಲಂಡನ್ನಿನ ಆ ದಿನದ ಬಗ್ಗೆ ನಡೆದ ಅಧ್ಯಯನದಿಂದ ತಿಳಿದ ಸಂಗತಿ.

ಆದ್ದರಿಂದ ಬಾಗಿಲಲ್ಲಿ ನಿಲ್ಲಬೇಕಾದವರು ವಿಭಾಗದ ಕಿರಿಯ ವೈದ್ಯರಲ್ಲ, ಅತ್ಯಂತ ಅನುಭವಿ ಶಸ್ತ್ರಚಿಕಿತ್ಸಕ ಅಥವಾ ತುರ್ತು ವೈದ್ಯ. ಅವರು ಯಾರಿಗೂ ಚಿಕಿತ್ಸೆ ಕೊಡಬಾರದು. ನೋಡಿ, ಬಣ್ಣ ನಿರ್ಧರಿಸಿ, ಮುಂದಿನವರತ್ತ ತಿರುಗಬೇಕು. ಇದು ಹೇಳಿದಷ್ಟು ಸುಲಭವಲ್ಲ. ಕಣ್ಣೆದುರು ನರಳುತ್ತಿರುವವರನ್ನು ಮುಟ್ಟದೆ ಮುಂದೆ ಸಾಗುವುದಕ್ಕೆ ಇಡೀ ವೃತ್ತಿಜೀವನದಲ್ಲಿ ಯಾರೂ ನಮ್ಮನ್ನು ತಯಾರು ಮಾಡಿರುವುದಿಲ್ಲ. ಅಣಕು ಪ್ರದರ್ಶನಗಳಲ್ಲಿ ಅಭ್ಯಾಸ ಮಾಡಿಸದಿದ್ದರೆ ಆ ವೈದ್ಯರು ಮೂರನೆಯ ರೋಗಿಯ ಬಳಿಯೇ ಸಿಕ್ಕಿಹಾಕಿಕೊಳ್ಳುತ್ತಾರೆ.

ಒಳಗಿನ ಚಲನೆ ಒಂದೇ ದಿಕ್ಕಿನಲ್ಲಿರಲಿ. ಕೆಂಪು ಕೊಠಡಿಯಿಂದ ಥಿಯೇಟರ್‌ಗೋ, ಐಸಿಯುಗೋ, ವಾರ್ಡಿಗೋ ಹೋದವರು ಮತ್ತೆ ತುರ್ತು ವಿಭಾಗಕ್ಕೆ ಮರಳಬಾರದು. ಮೊದಲ ಹಂತದಲ್ಲಿ ಸಿಟಿ ಸ್ಕ್ಯಾನ್ ಆದಷ್ಟು ಕಡಿಮೆ ಇರಲಿ, ಏಕೆಂದರೆ ಸಾಲು ಕಟ್ಟಿಕೊಳ್ಳುವುದು ಅಲ್ಲಿಯೇ. ಎದೆಯ ಎಕ್ಸ್‌ರೇ ಮತ್ತು ಹಾಸಿಗೆಯ ಬಳಿಯ ಅಲ್ಟ್ರಾಸೌಂಡ್‌ನಿಂದ ಬಹುತೇಕ ತುರ್ತು ನಿರ್ಧಾರಗಳನ್ನು ಕೈಗೊಳ್ಳಬಹುದು. ಥಿಯೇಟರ್‌ನಲ್ಲೂ ಇದೇ ನಿಯಮ. ರಕ್ತಸ್ರಾವ ನಿಲ್ಲಿಸಿ, ಕರುಳಿನ ಸೋರಿಕೆ ತಡೆದು, ಹೊಟ್ಟೆಯನ್ನು ತಾತ್ಕಾಲಿಕವಾಗಿ ಮುಚ್ಚಿ ಐಸಿಯುಗೆ ಕಳುಹಿಸಬೇಕು. ಸಂಪೂರ್ಣ ದುರಸ್ತಿಯ ಶಸ್ತ್ರಚಿಕಿತ್ಸೆ ಒಂದೆರಡು ದಿನ ಬಿಟ್ಟು ನಡೆಯಲಿ. ಮೈ ತಣ್ಣಗಾಗುವುದು, ರಕ್ತದಲ್ಲಿ ಆಮ್ಲತೆ ಏರುವುದು, ರಕ್ತ ಹೆಪ್ಪುಗಟ್ಟದಿರುವುದು ಈ ಮೂರೂ ಒಂದನ್ನೊಂದು ಕೆರಳಿಸಿ ರೋಗಿಯನ್ನು ಮೇಜಿನ ಮೇಲೆಯೇ ಕೊಲ್ಲುತ್ತವೆ. ನಾಲ್ಕು ಗಂಟೆಗಳ ಅಚ್ಚುಕಟ್ಟಾದ ಶಸ್ತ್ರಚಿಕಿತ್ಸೆ ಆ ದಿನ ಇಬ್ಬರ ಪ್ರಾಣಕ್ಕೆ ಎರವಾಗಬಹುದು: ಮೇಜಿನ ಮೇಲಿರುವವರದ್ದು ಮತ್ತು ಹೊರಗೆ ಕಾಯುತ್ತಿರುವವರದ್ದು.

ಉತ್ತರ 2
ಬರೆದವರು: ಅರಿವಳಿಕೆ ಮತ್ತು ತೀವ್ರ ನಿಗಾ ಘಟಕದ ವೈದ್ಯೆ

ಸರ್ ಬರೆದದ್ದಕ್ಕೆ ನನ್ನ ಒಪ್ಪಿಗೆ ಇದೆ. ಸಿಸ್ಟರ್ ಹೇಳಿದ ಆ ಕೆಲಸಗಾರನಂಥವರ ಬಗ್ಗೆ ನಾನು ಬರೆಯುತ್ತೇನೆ.

ಸ್ಫೋಟ ದೇಹವನ್ನು ಹಲವು ರೀತಿಗಳಲ್ಲಿ ಗಾಯಗೊಳಿಸುತ್ತದೆ. ಸಿಡಿದ ಕ್ಷಣದಲ್ಲಿ ಹುಟ್ಟುವ ಒತ್ತಡದ ಅಲೆಯಿಂದ ಆಗುವ ಗಾಯ ಮೊದಲನೆಯದು. ಮೊಳೆ, ಗಾಜು, ಲೋಹದ ಚೂರುಗಳು ತೂರಿಹೋಗಿ ಆಗುವುದು ಎರಡನೆಯದು. ಮನುಷ್ಯ ಎತ್ತೆಸೆಯಲ್ಪಟ್ಟು ಅಥವಾ ಕಟ್ಟಡ ಕುಸಿದು ಆಗುವುದು ಮೂರನೆಯದು. ಸುಟ್ಟಗಾಯ, ಹೊಗೆ, ಹಳೆಯ ಕಾಯಿಲೆಗಳ ಉಲ್ಬಣ ಇವೆಲ್ಲ ನಾಲ್ಕನೆಯದು. ಬದುಕಿ ಬಂದವರಲ್ಲಿ ಹೆಚ್ಚಾಗಿ ಕಾಣುವುದು ಎರಡನೆಯದಾದರೆ, ನಮ್ಮ ಕಣ್ಣು ತಪ್ಪಿಸುವುದು ಮೊದಲನೆಯದು. ಒತ್ತಡದ ಅಲೆ ಗಾಳಿ ತುಂಬಿದ ಅಂಗಗಳನ್ನು, ಅಂದರೆ ಕಿವಿ, ಶ್ವಾಸಕೋಶ ಮತ್ತು ಕರುಳನ್ನು, ಚರ್ಮದ ಮೇಲೆ ಗೀರೂ ಇಲ್ಲದಂತೆ ಹರಿದುಹಾಕಬಲ್ಲದು. ಬೂದಿ ಮುಚ್ಚಿದ ಕೆಂಡದಂತಹ ಗಾಯ ಅದು.

ಮೊದಲು ಕೇಳಬೇಕಾದ ಪ್ರಶ್ನೆ: ಸ್ಫೋಟ ಆದದ್ದು ಬಯಲಿನಲ್ಲೋ, ಮುಚ್ಚಿದ ಜಾಗದಲ್ಲೋ? ಬಸ್ಸು, ರೈಲುಬೋಗಿ, ಕೋಣೆ ಇಂಥ ಕಡೆ ಅಲೆ ಗೋಡೆಗಳಿಗೆ ಬಡಿದು ಮರಳುತ್ತದೆ, ಅದರ ಆಘಾತ ಹಲವು ಪಟ್ಟು ಹೆಚ್ಚುತ್ತದೆ. ಇಸ್ರೇಲಿನಲ್ಲಿ ನಡೆದ ನಾಲ್ಕು ಸ್ಫೋಟಗಳನ್ನು ಹೋಲಿಸಿ 1996ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಯಲಿನ ಸ್ಫೋಟಗಳಲ್ಲಿ ಸಾವಿನ ಪ್ರಮಾಣ ಶೇಕಡಾ 7.8 ಇದ್ದರೆ ಬಸ್ಸಿನೊಳಗಿನ ಸ್ಫೋಟಗಳಲ್ಲಿ ಅದು ಶೇಕಡಾ 49 ಆಗಿತ್ತು. ಆಂಬುಲೆನ್ಸ್ ಸಿಬ್ಬಂದಿಯಿಂದ ಈ ಒಂದು ಮಾಹಿತಿ ಸಿಕ್ಕಿದರೂ, ಬರಲಿರುವ ಗಾಯಗಳ ಸ್ವರೂಪವನ್ನು ಮುಂಚಿತವಾಗಿಯೇ ಊಹಿಸಬಹುದು.

ಕಿವಿಯ ಬಗ್ಗೆ ಒಂದು ತಪ್ಪು ನಂಬಿಕೆ ಬಹಳ ಆಸ್ಪತ್ರೆಗಳ ಯೋಜನೆಗಳಲ್ಲಿ ಇಂದಿಗೂ ಉಳಿದುಕೊಂಡಿದೆ. ಕಿವಿತಮಟೆ ಅತಿ ಕಡಿಮೆ ಒತ್ತಡಕ್ಕೆ ಹರಿಯುತ್ತದೆ, ಆದ್ದರಿಂದ ತಮಟೆ ಸರಿಯಿದ್ದರೆ ಶ್ವಾಸಕೋಶವೂ ಸರಿಯಿರುತ್ತದೆ ಎಂಬುದು ಆ ನಂಬಿಕೆ. ಅದು ಸರಿಯಲ್ಲ. ಅಲೆ ಬಂದ ದಿಕ್ಕಿಗೆ ತಲೆ ಹೇಗೆ ತಿರುಗಿತ್ತು, ಕಿವಿ ಮುಚ್ಚಿಕೊಂಡಿತ್ತೇ ಎಂಬುದರ ಮೇಲೆಲ್ಲ ತಮಟೆಯ ಗತಿ ನಿಂತಿದೆ. ತಮಟೆ ನೆಟ್ಟಗಿದ್ದು ಶ್ವಾಸಕೋಶ ಹಾಳಾದವರಿದ್ದಾರೆ, ಎರಡೂ ತಮಟೆ ಹರಿದು ಬೇರೇನೂ ಆಗದವರು ಅದಕ್ಕಿಂತ ಹೆಚ್ಚಿದ್ದಾರೆ. ಮ್ಯಾಡ್ರಿಡ್‌ನ ಆ ಆಸ್ಪತ್ರೆಯಲ್ಲಿ ಗಾಯದ ವಿವರ ದಾಖಲಾದ 243 ಜನರಲ್ಲಿ ಶೇಕಡಾ 41ರಷ್ಟು ಜನರ ತಮಟೆ ಹರಿದಿತ್ತು. ಅವರೆಲ್ಲರನ್ನೂ ಐಸಿಯು ಬಾಗಿಲಿಗೆ ತಂದಿದ್ದರೆ ಏನಾಗುತ್ತಿತ್ತೆಂದು ಯೋಚಿಸಿ.

ಹಾಗಾದರೆ ಏನನ್ನು ನೋಡಬೇಕು? ಉಸಿರಾಟದ ವೇಗ, ಪಲ್ಸ್ ಆಕ್ಸಿಮೀಟರ್‌ನ ಅಂಕಿ, ಒಣ ಕೆಮ್ಮು, ಕಫದಲ್ಲಿ ರಕ್ತ, ಎದೆನೋವು. ಅನುಮಾನ ಬಂದವರಿಗೆ ಎದೆಯ ಎಕ್ಸ್‌ರೇ. ಸ್ಫೋಟದಿಂದ ಜಖಂಗೊಂಡ ಶ್ವಾಸಕೋಶ ಅದರಲ್ಲಿ ನಡುವಿನಿಂದ ಎರಡೂ ಕಡೆಗೆ ಚಿಟ್ಟೆಯ ರೆಕ್ಕೆಯಂತೆ ಹರಡಿದ ಬಿಳಿ ಮಬ್ಬಾಗಿ ಕಾಣುತ್ತದೆ. ಲಕ್ಷಣಗಳು ಸಾಮಾನ್ಯವಾಗಿ ಮೊದಲ ಕೆಲವು ಗಂಟೆಗಳಲ್ಲೇ ಕಾಣಿಸಿಕೊಳ್ಳುತ್ತವೆ, ಆದರೆ ಒಂದೆರಡು ದಿನ ತಡವಾಗಿ ಬಂದದ್ದೂ ಉಂಟು.

ಇನ್ನು ನಿಮ್ಮ ಪ್ರಶ್ನೆಯ ತಿರುಳು. ಹಸಿರು ಪಟ್ಟಿಯವರನ್ನು, ಅಂದರೆ ನಡೆಯಬಲ್ಲ ಸಣ್ಣ ಗಾಯದವರನ್ನು, ತುರ್ತು ವಿಭಾಗದೊಳಗೆ ಬಿಡಬೇಡಿ, ಮನೆಗೂ ಕಳುಹಿಸಬೇಡಿ. ಹೊರರೋಗಿ ವಿಭಾಗ, ಸಭಾಂಗಣ, ಊಟದ ಕೋಣೆ, ಯಾವುದಾದರೂ ದೊಡ್ಡ ಜಾಗವನ್ನು ಅವರಿಗೆ ಗೊತ್ತುಮಾಡಿ. ಅಲ್ಲಿ ಹಾಸಿಗೆ ಬೇಕಿಲ್ಲ, ಕುರ್ಚಿಗಳು ಸಾಕು. ಒಬ್ಬ ವೈದ್ಯ, ಕೆಲವು ಶುಶ್ರೂಷಕರು, ಐದಾರು ಪಲ್ಸ್ ಆಕ್ಸಿಮೀಟರ್, ಒಂದು ಆಮ್ಲಜನಕದ ಸಿಲಿಂಡರ್ ಇಷ್ಟಿದ್ದು, ಪ್ರತಿಯೊಬ್ಬರನ್ನೂ ಗೊತ್ತಾದ ಅವಧಿಗೊಮ್ಮೆ ಮತ್ತೆ ಮತ್ತೆ ಪರೀಕ್ಷಿಸಿ ಅವರ ಪಟ್ಟಿಯ ಮೇಲೆ ಸಮಯ ಬರೆಯುವ ವ್ಯವಸ್ಥೆ ಇರಬೇಕು. ಬಣ್ಣವೆಂಬುದು ಆ ಕ್ಷಣದ ನಿರ್ಧಾರ ಮಾತ್ರ. ಹಸಿರಾಗಿದ್ದವರು ಒಂದು ಗಂಟೆಯ ನಂತರ ಕೆಂಪಾಗಬಹುದು. ಬಯಲಿನ ಸ್ಫೋಟದಲ್ಲಿ ಸಿಕ್ಕಿ, ಗಾಯವಿಲ್ಲದೆ, ಉಸಿರಾಟ ಮತ್ತು ನಾಡಿ ಸಹಜವಾಗಿದ್ದು, ಎದೆ ಹೊಟ್ಟೆಗಳ ಪರೀಕ್ಷೆಯಲ್ಲಿ ಏನೂ ಕಾಣದವರನ್ನು ಸುಮಾರು ನಾಲ್ಕು ಗಂಟೆಗಳ ನಿಗಾದ ನಂತರ ಕಳುಹಿಸಬಹುದೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಕ್ರಮ. ಮುಚ್ಚಿದ ಜಾಗದಲ್ಲಿದ್ದವರು, ನೀರಿನೊಳಗಿನ ಸ್ಫೋಟಕ್ಕೆ ಸಿಕ್ಕವರು ಮತ್ತು ಗರ್ಭಿಣಿಯರನ್ನು ಇನ್ನೂ ಹೆಚ್ಚು ಹೊತ್ತು ಉಳಿಸಿಕೊಳ್ಳಬೇಕು. ಗರ್ಭಿಣಿಯರಲ್ಲಿ ಮಾಸು ಕಳಚಿಕೊಳ್ಳುವ ಅಪಾಯವಿರುವುದರಿಂದ ಪ್ರಸೂತಿ ತಜ್ಞರು ನೋಡದೆ ಯಾರನ್ನೂ ಬಿಡಬಾರದು.

ಹೊಟ್ಟೆಯ ವಿಷಯದಲ್ಲಿ ನಾಲ್ಕು ಗಂಟೆಗಳ ಲೆಕ್ಕವೂ ಪೂರ್ತಿ ಸಾಲದು. ಕರುಳಿನ ಗೋಡೆ ಜಜ್ಜಿಹೋಗಿ ಒಂದೆರಡು ದಿನಗಳ ಬಳಿಕ ತೂತಾಗಬಹುದು. ಹೊಟ್ಟೆನೋವು, ವಾಂತಿ, ಜ್ವರ, ಮಲದಲ್ಲಿ ರಕ್ತ ಕಂಡರೆ ತಕ್ಷಣ ಮರಳಿ ಬರಬೇಕೆಂದು ಮುದ್ರಿಸಿದ ಚೀಟಿಯನ್ನು ಕಳುಹಿಸುವಾಗ ಕೊಡಿ. ಬಾಯಿಮಾತು ಸಾಲದು. ಅದಕ್ಕೆ ಕಾರಣವನ್ನು ಇಲ್ಲಿರುವ ಯಾರಾದರೂ ಶುಶ್ರೂಷಕರು ಹೇಳುತ್ತಾರೆಂದು ನಂಬುತ್ತೇನೆ.

ವೆಂಟಿಲೇಟರ್ ಬಗ್ಗೆ ಒಂದೇ ಮಾತು: ಜಖಂಗೊಂಡ ಶ್ವಾಸಕೋಶಕ್ಕೆ ಜೋರಾಗಿ ಗಾಳಿ ಒತ್ತಿದರೆ ಅದು ರಕ್ತನಾಳದೊಳಕ್ಕೆ ನುಗ್ಗಬಹುದು, ಇಲ್ಲವೇ ಎದೆಗೂಡಿನೊಳಗೆ ತುಂಬಿ ಶ್ವಾಸಕೋಶವನ್ನೇ ಅದುಮಬಹುದು. ಕಡಿಮೆ ಪ್ರಮಾಣ, ಕಡಿಮೆ ಒತ್ತಡ, ಸಲೈನ್ ಕೊಡುವುದರಲ್ಲೂ ಸಂಯಮ.

ಉತ್ತರ 3
ಬರೆದವರು: ರಕ್ತನಿಧಿ ಅಧಿಕಾರಿ

ಮೇಲಿನ ಇಬ್ಬರೂ ರಕ್ತದ ವಿಷಯ ಮುಟ್ಟಿಲ್ಲವಾದ್ದರಿಂದ ಕೆಲವು ಸಾಲುಗಳು.

ಲಂಡನ್‌ನ ಅದೇ ಆಸ್ಪತ್ರೆಯಲ್ಲಿ ಮೊದಲ 15 ಗಂಟೆಗಳಲ್ಲಿ ಬಳಕೆಯಾದ ರಕ್ತ ಮತ್ತು ರಕ್ತದ ಘಟಕಗಳು 264 ಯೂನಿಟ್. ಇದು ಆ ಆಸ್ಪತ್ರೆಯ ದೈನಂದಿನ ಬಳಕೆಗೆ ಹತ್ತಿರವಾದ ಸಂಖ್ಯೆ. ಅಂದರೆ ಒಟ್ಟು ರಕ್ತದ ಕೊರತೆಗಿಂತಲೂ ಮೊದಲ ಗಂಟೆಗಳಲ್ಲಿ ಅದನ್ನು ಸರಿಯಾದ ರೋಗಿಗೆ ತಲುಪಿಸುವುದೇ ದೊಡ್ಡ ಸವಾಲು. ಆ ದಿನ ಪ್ರಾಣ ಉಳಿಸುವುದು ಕಪಾಟಿನಲ್ಲಿ ಈಗಾಗಲೇ ಪರೀಕ್ಷೆಯಾಗಿ ಕುಳಿತಿರುವ ರಕ್ತ. ಸುದ್ದಿ ಕೇಳಿ ಓಡಿಬಂದ ದಾನಿಗಳ ರಕ್ತ ಪರೀಕ್ಷೆ ಮುಗಿದು ಬಳಕೆಗೆ ಸಿಗುವಷ್ಟರಲ್ಲಿ ಮೊದಲ ಸುತ್ತಿನ ಶಸ್ತ್ರಚಿಕಿತ್ಸೆಗಳು ಮುಗಿದಿರುತ್ತವೆ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಮೆರಿಕದಲ್ಲಿ ಸಂಗ್ರಹವಾದ ರಕ್ತದಲ್ಲಿ ದೊಡ್ಡ ಪಾಲು ಅವಧಿ ಮೀರಿ ಚೆಲ್ಲಿಹೋಯಿತು. ಬಂದ ದಾನಿಗಳ ಹೆಸರು, ಗುಂಪು ಬರೆದುಕೊಂಡು, ಮುಂದಿನ ವಾರಗಳಲ್ಲಿ ಕರೆಯುವುದಾಗಿ ಗೌರವದಿಂದ ಹೇಳಿ ಕಳುಹಿಸಿ.

ಗುಂಪು ತಿಳಿಯುವವರೆಗೆ ಒ ನೆಗೆಟಿವ್ ಅನ್ನು ಹೆಣ್ಣುಮಕ್ಕಳಿಗೆ, ಅದರಲ್ಲೂ ಮುಂದೆ ಗರ್ಭ ಧರಿಸಬಲ್ಲವರಿಗೆ ಮೀಸಲಿಟ್ಟು, ಗಂಡಸರಿಗೆ ಒ ಪಾಸಿಟಿವ್ ಕೊಡಿ. ಕೆಂಪು ರಕ್ತಕಣಗಳ ಜೊತೆಗೆ ಪ್ಲಾಸ್ಮಾ ಮತ್ತು ಪ್ಲೇಟ್‌ಲೆಟ್‌ಗಳೂ ಸಮ ಪ್ರಮಾಣದಲ್ಲಿ ಹೋಗಲಿ. ರಕ್ತಸ್ರಾವ ತಗ್ಗಿಸುವ ಔಷಧವಾದ ಟ್ರಾನೆಕ್ಸಾಮಿಕ್ ಆಮ್ಲ ಕೊಡುವುದಾದರೆ ಗಾಯವಾದ ಮೂರು ಗಂಟೆಗಳೊಳಗೆ ಕೊಡಬೇಕು. ಆಮೇಲೆ ಕೊಟ್ಟರೆ ಪ್ರಯೋಜನವಿಲ್ಲದಿರುವುದಷ್ಟೇ ಅಲ್ಲ, ಅಪಾಯವೂ ಇದೆ.

ನಮ್ಮ ಪಾಲಿಗೆ ಅತಿ ಭಯಾನಕವಾದದ್ದು ಗುರುತಿನ ತಪ್ಪು. ಪ್ರಜ್ಞೆಯಿಲ್ಲದ ಹತ್ತು ಜನ ಒಟ್ಟಿಗೆ ಬಂದಾಗ ‘ಅಪರಿಚಿತ ಗಂಡಸು’ ಎಂದು ಬರೆದ ಹತ್ತು ಮಾದರಿಗಳು ನಮ್ಮ ಮೇಜಿಗೆ ಬರುತ್ತವೆ. ಕ್ರಮಸಂಖ್ಯೆ ಮುದ್ರಿಸಿದ ಕೈಪಟ್ಟಿ, ಕೇಸ್ ಶೀಟ್ ಮತ್ತು ರಕ್ತದ ನಳಿಕೆಗಳ ಕಟ್ಟುಗಳನ್ನು ಇಂದೇ ತಯಾರಿಸಿ ಬೀರುವಿನಲ್ಲಿಡಿ. ನಂತರ ಹೆಸರು ತಿಳಿದರೂ ಆ ಸಂಖ್ಯೆಯನ್ನು ಬದಲಿಸಬೇಡಿ.

ಉತ್ತರ 4
ಬರೆದವರು: ಹಿರಿಯ ಶುಶ್ರೂಷಕಿ

ಮೇಡಂ ಬಿಟ್ಟ ಮಾತನ್ನು ನಾನು ಪೂರ್ತಿ ಮಾಡುತ್ತೇನೆ. ಸ್ಫೋಟದಿಂದ ಬಂದ ಹಲವರಿಗೆ ಕಿವಿ ಕೇಳಿಸುವುದಿಲ್ಲ. ನನ್ನ ಸೇವಾವಧಿಯಲ್ಲಿ ಒಮ್ಮೆ ಇಂಥ ಗಾಯಾಳುಗಳನ್ನು ನೋಡಿಕೊಂಡಿದ್ದೇನೆ. ಅಂದು ನಾವು ಹೆಸರು ಕೇಳಿದಾಗ ಸುಮ್ಮನೆ ಮುಖ ನೋಡುತ್ತಿದ್ದ ಹುಡುಗಿಯೊಬ್ಬಳನ್ನು ತಲೆಗೆ ಪೆಟ್ಟಾಗಿ ಗೊಂದಲಗೊಂಡಿದ್ದಾಳೆಂದು ತಿಳಿದು ಸ್ಕ್ಯಾನ್ ಸಾಲಿಗೆ ಸೇರಿಸಿದೆವು. ಬಹಳ ಹೊತ್ತಿನ ಮೇಲೆ ಅವಳೇ ನನ್ನ ಜೇಬಿನ ಪೆನ್ನು ತೆಗೆದುಕೊಂಡು ಅಂಗೈ ಮೇಲೆ ‘ಕೇಳಿಸುತ್ತಿಲ್ಲ’ ಎಂದು ಬರೆದು ತೋರಿಸಿದಳು. ಅಷ್ಟು ಹೊತ್ತು ಆ ಮಗು ಯಾವ ಮೌನದೊಳಗೆ ಒಬ್ಬಳೇ ಇದ್ದಳೋ! ‘ನೋವು ಎಲ್ಲಿದೆ?’, ‘ಉಸಿರಾಡಲು ಕಷ್ಟವೇ?’, ‘ನಿಮ್ಮ ಹೆಸರು ಬರೆಯಿರಿ’, ‘ನೀವು ಆಸ್ಪತ್ರೆಯಲ್ಲಿದ್ದೀರಿ’ ಎಂದು ದಪ್ಪ ಅಕ್ಷರದ ಹಲಗೆಗಳನ್ನು, ಓದು ಬಾರದವರಿಗಾಗಿ ಚಿತ್ರಗಳನ್ನು, ಮೊದಲೇ ಮಾಡಿಟ್ಟುಕೊಳ್ಳಿ.

ಎರಡನೆಯದಾಗಿ, ಸಣ್ಣ ಗಾಯವನ್ನು ಸಣ್ಣದೆಂದು ಎಣಿಸಬೇಡಿ. ಮೊಳೆಯೋ ಗಾಜೋ ಒಳಹೊಕ್ಕ ತೂತು ಸಾಸಿವೆಯಷ್ಟಿದ್ದರೂ ಒಳಗೆ ಎಲ್ಲಿಗೆ ಹೋಗಿ ನಿಂತಿದೆಯೆಂದು ಹೇಳಲಾಗದು. ಬಟ್ಟೆ ಪೂರ್ತಿ ತೆಗೆದು ಬೆನ್ನು, ಕಂಕುಳು, ತೊಡೆಸಂದು, ತಲೆಗೂದಲಿನ ನಡುವೆಯೂ ನೋಡಬೇಕು. ಕಣ್ಣಿಗೆ ಚೂರು ಹೊಕ್ಕಿದ್ದರೆ ಒತ್ತಿ ಪಟ್ಟಿ ಕಟ್ಟದೆ ಗಟ್ಟಿ ಹೊದಿಕೆ ಇಡಬೇಕು. ಈ ಗಾಯಗಳನ್ನು ಅಂದೇ ಹೊಲಿಯಬಾರದು. ತೊಳೆದು, ಸತ್ತ ಭಾಗ ಕತ್ತರಿಸಿ ತೆರೆದೇ ಬಿಟ್ಟು, ನಾಲ್ಕೈದು ದಿನಗಳ ನಂತರ ಹೊಲಿಯಬೇಕು. ಧನುರ್ವಾಯು ಲಸಿಕೆ ಎಲ್ಲರಿಗೂ ನೆನಪಾಗುತ್ತದೆ, ಹೆಪಟೈಟಿಸ್ ಬಿ ಲಸಿಕೆ ಮರೆತುಹೋಗುತ್ತದೆ. ಬೇರೊಬ್ಬರ ಮೂಳೆಯ ಚೂರು ಗಾಯಾಳುವಿನ ದೇಹದೊಳಗೆ ಹೊಕ್ಕಿರುವ ಪ್ರಸಂಗಗಳು ವರದಿಯಾಗಿವೆ. ಲಂಡನ್ ಸ್ಫೋಟಗಳ ನಂತರ ಚರ್ಮ ಸೀಳಿದ ಗಾಯವಿದ್ದವರಿಗೆ ಈ ಲಸಿಕೆ ಕೊಡುವಂತೆ ಅಲ್ಲಿ ಸಲಹೆ ನೀಡಲಾಗಿತ್ತು. ಹೊರತೆಗೆದ ಪ್ರತಿ ಚೂರೂ ಪೊಲೀಸರಿಗೆ ಸಾಕ್ಷ್ಯ. ಕಸದ ಬುಟ್ಟಿಗೆ ಹಾಕದೆ ರೋಗಿಯ ಸಂಖ್ಯೆ ಬರೆದ ಡಬ್ಬಿಯಲ್ಲಿ ಹಾಕಿ ಮುಚ್ಚಿಡಿ, ಬಟ್ಟೆಗಳನ್ನೂ ಹಾಗೆಯೇ.

ಕೈಕಾಲಿಗೆ ಟೂರ್ನಿಕೆಟ್ (ರಕ್ತ ನಿಲ್ಲಿಸಲು ಬಿಗಿಯುವ ಕಟ್ಟು) ಕಟ್ಟಿಕೊಂಡು ಬಂದವರನ್ನು ನೋಡಿದ ಕೂಡಲೇ ಕಟ್ಟಿದ ಸಮಯ ಬರೆಯಿರಿ. 2013ರಲ್ಲಿ ಬಾಸ್ಟನ್ ಮ್ಯಾರಥಾನ್ ಸ್ಫೋಟದ ನಂತರ ಬೆಲ್ಟು, ಬಟ್ಟೆಗಳಿಂದ ಮಾಡಿದ ಟೂರ್ನಿಕೆಟ್‌ಗಳೊಂದಿಗೇ ಹಲವರು ಆಸ್ಪತ್ರೆ ತಲುಪಿದರು. ಜೀವಂತವಾಗಿ ಆಸ್ಪತ್ರೆ ಸೇರಿದವರೆಲ್ಲರೂ ಬದುಕುಳಿದರು. ಆದರೆ ಅಂಥ ಕಟ್ಟುಗಳು ಅನೇಕ ವೇಳೆ ಸಡಿಲವಾಗಿದ್ದು, ರಕ್ತ ಹೊರಹೋಗುವುದನ್ನು ನಿಲ್ಲಿಸುವ ಬದಲು ಹೆಚ್ಚಿಸುತ್ತವೆ. ಸರಿಯಾದದ್ದನ್ನು ಬಿಗಿದ ಮೇಲೆಯೇ ಹಳೆಯದನ್ನು ಬಿಚ್ಚಿ.

ಸಿಬ್ಬಂದಿಯ ವಿಷಯವೂ ಯೋಜನೆಯಲ್ಲಿರಲಿ. ಅಂದು ರಜೆಯಲ್ಲಿದ್ದವರೂ ಸೇರಿ ನಾವೆಲ್ಲರೂ ಮೊದಲ ಗಂಟೆಯಲ್ಲೇ ಬಂದುಬಿಟ್ಟೆವು. ಮಧ್ಯರಾತ್ರಿಯ ಹೊತ್ತಿಗೆ ಎಲ್ಲರೂ ಒಟ್ಟಿಗೆ ಸೋತುಹೋದೆವು, ಬದಲಿಗೆ ಬರಲು ಯಾರೂ ಉಳಿದಿರಲಿಲ್ಲ. ಶಸ್ತ್ರಚಿಕಿತ್ಸೆ, ಡ್ರೆಸಿಂಗ್ ಇವು ದಿನಗಟ್ಟಲೆ ನಡೆಯುತ್ತವೆ. ಅರ್ಧದಷ್ಟು ಜನರನ್ನು ಮನೆಯಲ್ಲೇ ಉಳಿಸಿ, ಮಲಗಲು ಹೇಳಿ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ನಿಮ್ಮೆಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಹಸಿರು ಪಟ್ಟಿಯವರಿಗಾಗಿ ಹೊರರೋಗಿ ವಿಭಾಗದ ಕಾಯುವ ಕೋಣೆಯನ್ನು ಗೊತ್ತುಮಾಡಿ, ಬಯಲು ಮತ್ತು ಮುಚ್ಚಿದ ಜಾಗದ ವ್ಯತ್ಯಾಸವನ್ನು ಸೇರಿಸಿ ಕರಡನ್ನು ತಿದ್ದಿದ್ದೇನೆ. ಸಮಿತಿಯ ಎರಡೂ ಪಕ್ಷದವರು ಅದನ್ನು ಒಪ್ಪಿದ್ದಾರೆ. ಒಂದು ಸಂದೇಹ ಉಳಿದಿದೆ. ಅವಶೇಷಗಳಡಿಯಿಂದ ಗಂಟೆಗಳ ನಂತರ ಹೊರತೆಗೆದವರು ಮಾತನಾಡುತ್ತಾ ಬಂದರೆ ಅವರನ್ನೂ ಆ ಕೋಣೆಗೆ ಕಳುಹಿಸಬಹುದೇ?

ಉತ್ತರ 5
ಬರೆದವರು: ಅರಿವಳಿಕೆ ಮತ್ತು ತೀವ್ರ ನಿಗಾ ಘಟಕದ ವೈದ್ಯೆ

ಖಂಡಿತ ಬೇಡ, ಸಿಸ್ಟರ್. ಜಜ್ಜಿದ ಸ್ನಾಯುಗಳಿಂದ ಪೊಟ್ಯಾಸಿಯಂ ಒಮ್ಮೆಲೇ ರಕ್ತಕ್ಕೆ ನುಗ್ಗಿ, ಮಾತನಾಡುತ್ತಿರುವಂತೆಯೇ ಹೃದಯ ನಿಂತುಬಿಡಬಹುದು. ಅದರಿಂದ ಪಾರಾದರೂ ಸ್ನಾಯುವಿನ ಪ್ರೋಟೀನ್ ಮೂತ್ರಪಿಂಡಗಳನ್ನು ಕಟ್ಟಿಹಾಕುತ್ತದೆ. ಭಾರ ಎತ್ತುವ ಮೊದಲೇ ಸ್ಥಳದಲ್ಲಿ ಸಲೈನ್ ಆರಂಭಿಸಿದ್ದರೆ ಒಳ್ಳೆಯದು. ಬಂದ ಕೂಡಲೇ ಇಸಿಜಿ, ರಕ್ತದ ಪೊಟ್ಯಾಸಿಯಂ ಪರೀಕ್ಷೆ, ಮೂತ್ರದ ಕೊಳವೆ. ಮೂತ್ರದ ಬಣ್ಣ ಕಡು ಚಹಾದಂತಿದ್ದರೆ ಡಯಾಲಿಸಿಸ್ ಘಟಕಕ್ಕೆ ಆಗಲೇ ತಿಳಿಸಿ. ಎಷ್ಟು ಚೆನ್ನಾಗಿ ಮಾತನಾಡುತ್ತಿದ್ದರೂ ಅವರ ಕೈಪಟ್ಟಿ ಹಳದಿಗಿಂತ (ಗಂಭೀರ, ಆದರೆ ಸ್ವಲ್ಪ ಕಾಯಬಲ್ಲವರ ಗುರುತು) ಕೆಳಗಿಳಿಯಬಾರದೆಂದು ಕರಡಿನಲ್ಲಿ ಬರೆಯಿರಿ.